ಮೂರು ಫೇಸ್ ಮನೆಗೆ ಸಿಟಿ ಕ್ಲ್ಯಾಂಪ್: ಹಾಕುವುದು ಹೇಗೆ, ಸರಿಯಿದೆಯಾ ಅಂತ ನೋಡುವುದು ಹೇಗೆ

ಸೋಲಾರ್ ಹಾಕಿಸಿದ ಮನೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಮೊಬೈಲ್ ಆ್ಯಪ್ ಒಂದು ಲೆಕ್ಕ ತೋರಿಸುತ್ತದೆ, ಕರೆಂಟ್ ಬಿಲ್ ಇನ್ನೊಂದು ಹೇಳುತ್ತದೆ. ಮೊದಲು ಮೀಟರ್ ಮೇಲೆ ಅನುಮಾನ ಬರುತ್ತದೆ, ಆಮೇಲೆ ಇನ್ವರ್ಟರ್ ಮೇಲೆ. ಮನೆ ಮೂರು ಫೇಸಿನದಾದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಮೇನ್ ವೈರುಗಳನ್ನು ಕಚ್ಚಿಕೊಂಡು ಕೂತಿರುವ ಮೂರು ಸಣ್ಣ ಸಿಟಿ ಕ್ಲ್ಯಾಂಪ್‌ಗಳನ್ನು. ವೈರಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಮಾನಿಟರ್‌ಗೆ, ಅಂದರೆ ಆ್ಯಪ್‌ಗೆ ಲೆಕ್ಕ ಕಳಿಸುವ ಪೆಟ್ಟಿಗೆಗೆ, ತಿಳಿಸುವುದು ಇವೇ.

ಕ್ಲ್ಯಾಂಪ್ ಸಿಕ್ಕಿಸುವುದು ಸುಲಭ. ಯಾವ ಕ್ಲ್ಯಾಂಪ್ ಯಾವ ಫೇಸಿನ ವೋಲ್ಟೇಜ್ ಜೊತೆ ಜೋಡಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳುವುದೇ ನಿಜವಾದ ಕೆಲಸ. ಅದನ್ನು ಬಿಟ್ಟರೆ ಆ್ಯಪ್‌ನಲ್ಲಿ ಅಂಕಿಗಳೆಲ್ಲ ನೋಡೋಕೆ ಚೆನ್ನಾಗಿಯೇ ಇರುತ್ತವೆ, ಆದರೆ ಮನೆ ಬಳಸಿದ ಕರೆಂಟ್‌ನಲ್ಲಿ ಮೂರನೇ ಒಂದು ಪಾಲು ಲೆಕ್ಕಕ್ಕೇ ಬಂದಿರುವುದಿಲ್ಲ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ? ಆ ಗೆರೆಯ ಹತ್ತಿರ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಒಂದು ಎಲೆಕ್ಟ್ರಿಕ್ ಕೆಟಲ್ ಇದ್ದರೆ ಇದನ್ನೆಲ್ಲ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹೇಗೆ ಅಂತ ಕೆಳಗೆ ಹೇಳಿದ್ದೇನೆ.

ಒಳಗೆ ಏನಾಗುತ್ತದೆ

ಸಿಟಿ ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ವೈರಿನ ಸುತ್ತ ಒಂದು ಕಬ್ಬಿಣದಂಥ ಕೋರ್, ಅದರ ಮೇಲೆ ಸಾವಿರಾರು ಸುತ್ತು ತೆಳು ತಂತಿ. ಮೇನ್ ವೈರಿನಲ್ಲಿ ಹರಿಯುವ ಕರೆಂಟ್‌ಗೆ ತಕ್ಕ ಹಾಗೆ ಒಂದು ಸಣ್ಣ ಕರೆಂಟ್ ಈ ತಂತಿಯಲ್ಲಿ ಹುಟ್ಟುತ್ತದೆ. ಹವ್ಯಾಸಿಗಳು ಜಾಸ್ತಿ ಬಳಸುವ ಎಸ್‌ಸಿಟಿ-013-000 ಮಾದರಿಯಲ್ಲಿ 100 ಆಂಪ್ಸ್‌ಗೆ 50 ಮಿಲಿಆಂಪ್ಸ್ ಬರುತ್ತದೆ, ಅಂದರೆ 2000ಕ್ಕೆ 1.

ಆದರೆ ಯೂನಿಟ್ ಲೆಕ್ಕಕ್ಕೆ ಬರೀ ಆಂಪ್ಸ್ ಸಾಲದು. ಅದೇ ಕ್ಷಣದ ವೋಲ್ಟೇಜ್ ಕೂಡ ಬೇಕು. ಅದಕ್ಕೇ ಮಾನಿಟರ್‌ಗೆ ಮೂರು ಸಿಟಿಗಳ ಜೊತೆ ಆರ್, ವೈ, ಬಿ ಫೇಸ್‌ಗಳಿಂದ ಒಂದೊಂದು ವೋಲ್ಟೇಜ್ ವೈರು, ಜೊತೆಗೆ ನ್ಯೂಟ್ರಲ್ ಕೊಡುತ್ತೇವೆ. ನಮ್ಮ ಸಪ್ಲೈ ಸೆಕೆಂಡಿಗೆ 50 ಸೈಕಲ್. ಮೂರು ಫೇಸ್‌ಗಳು ಒಂದರ ಹಿಂದೆ ಒಂದು, 120 ಡಿಗ್ರಿ ಅಂತರದಲ್ಲಿ ಏರಿಳಿಯುತ್ತವೆ. ಆರ್ ಫೇಸಿನ ಕರೆಂಟನ್ನು ವೈ ಫೇಸಿನ ವೋಲ್ಟೇಜ್ ಜೊತೆ ಗುಣಿಸಿದರೆ ಬರುವ ಉತ್ತರ ತಪ್ಪು. ಎಷ್ಟು ತಪ್ಪು ಅನ್ನುವುದಕ್ಕೂ ಒಂದು ಖಚಿತ ಲೆಕ್ಕವಿದೆ, ಪರೀಕ್ಷೆ ನಿಂತಿರುವುದೇ ಅದರ ಮೇಲೆ.

ಕೊಳ್ಳುವಾಗ

ಅಳತೆ ಮೊದಲು. 5 ಕಿಲೋವ್ಯಾಟ್‌ನ ಮೂರು ಫೇಸ್ ಮನೆಯಲ್ಲಿ ಲೋಡ್ ಸಮವಾಗಿ ಹಂಚಿದ್ದರೆ ಫೇಸಿಗೆ ಸುಮಾರು 7 ಆಂಪ್ಸ್ ಅಷ್ಟೇ. ಒಂದೇ ಫೇಸ್ ಮೇಲೆ ಗೀಸರ್, ಎಸಿ, ಓವನ್ ಎಲ್ಲ ಬಿದ್ದರೂ ಮೇನ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) 32 ಅಥವಾ 40 ಆಂಪ್ಸ್‌ನದ್ದು ಇರುತ್ತದೆ. ಅಲ್ಲಿಗೆ 50 ಅಥವಾ 60 ಆಂಪ್ಸ್‌ನ ಸಿಟಿ ಧಾರಾಳ ಸಾಕು. "ದೊಡ್ಡದಿದ್ದರೆ ಒಳ್ಳೇದು" ಅಂತ 200 ಆಂಪ್ಸ್‌ನದ್ದು ತರಬೇಡಿ. ರಾತ್ರಿ ಹೊತ್ತು ಫ್ರಿಜ್, ವೈಫೈ ಅಂತ ಅರ್ಧ ಆಂಪ್ ಓಡುವಾಗ ದೊಡ್ಡ ಸಿಟಿ ಸರಿಯಾಗಿ ಅಳೆಯುವುದಿಲ್ಲ. ನಮ್ಮ ಮನೆಗಳಲ್ಲಿ ದಿನದ ಬಹುಪಾಲು ಹೊತ್ತು ಓಡುವುದು ಇಂಥ ಸಣ್ಣ ಲೋಡೇ.

ಎರಡನೆಯದು ಔಟ್‌ಪುಟ್. ಕೆಲವು ಸಿಟಿ ಮಿಲಿಆಂಪ್ಸ್ ಕೊಡುತ್ತವೆ, ಕೆಲವು ಒಳಗೇ ರೆಸಿಸ್ಟರ್ ಇಟ್ಟುಕೊಂಡು ಮಿಲಿವೋಲ್ಟ್ ಅಥವಾ 1 ವೋಲ್ಟ್ ಕೊಡುತ್ತವೆ. ಫ್ಯಾಕ್ಟರಿ ಪ್ಯಾನೆಲ್‌ಗಳಲ್ಲಿ 5 ಆಂಪ್ಸ್ ಕೊಡುವ ಗಟ್ಟಿ ಸಿಟಿಗಳಿರುತ್ತವೆ. ಮಾನಿಟರ್ ಯಾವುದನ್ನು ಕೇಳುತ್ತದೋ ಅದನ್ನೇ ಹಾಕಬೇಕು, ನೋಡಲು ಒಂದೇ ಥರ ಇದೆ ಅಂತ ಬದಲಿಸಬಾರದು. ಮೂರೂ ಸಿಟಿ ಒಂದೇ ಮಾದರಿಯದಾಗಿರಲಿ. ತೂತಿನ ಅಗಲವನ್ನೂ ನೋಡಿ. ಎಸ್‌ಸಿಟಿ-013ರ ತೂತು 13 ಮಿಲಿಮೀಟರ್, ಮನೆಯ ಮೇನ್ ವೈರಿಗೆ ತೊಂದರೆಯಿಲ್ಲ.

ಕೈ ಹಾಕುವ ಮೊದಲು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಡಿಬಿಯ, ಅಂದರೆ ಮನೆಯ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯ, ಮೇನ್ ಎಂಸಿಬಿ ಆಫ್ ಮಾಡಿದರೂ ಅದರ ಮೇಲ್ಗಡೆ ಟರ್ಮಿನಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸಿಟಿ ಹಾಕುವುದು ಸರಿಯಾಗಿ ಆ ಜಾಗದ ಪಕ್ಕದಲ್ಲೇ. ಎರಡು ಫೇಸ್ ನಡುವೆ 400 ವೋಲ್ಟ್‌ಗೂ ಜಾಸ್ತಿ ಇರಬಹುದು. ಆದ್ದರಿಂದ ಮೀಟರ್ ಬೋರ್ಡಿನ ಹತ್ತಿರ ಮನೆ ಕಡೆಗಿರುವ ಐಸೊಲೇಟರ್ ಅಥವಾ ಮೇನ್ ಸ್ವಿಚ್ ಆಫ್ ಮಾಡಬೇಕು. ಮೀಟರ್ ಮತ್ತು ಅದಕ್ಕಿಂತ ಹಿಂದಿರುವುದೆಲ್ಲ ಎಸ್ಕಾಂಗೆ ಸೇರಿದ್ದು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್, ಎಲ್ಲಿಯಾದರೂ ಸರಿ, ಸೀಲ್ ಮುಟ್ಟುವ ಹಾಗಿಲ್ಲ. ಸಿಟಿ ಯಾವಾಗಲೂ ಮೀಟರ್ ಆದ ಮೇಲೆ, ನಿಮ್ಮ ವೈರಿಗೆ.

ಮೇನ್ ಆಫ್ ಆದರೂ ಎರಡು ಕಡೆಯಿಂದ ಕರೆಂಟ್ ಬರಬಹುದು. ಒಂದು ಯುಪಿಎಸ್. ಅದರ ಔಟ್‌ಪುಟ್ ವೈರುಗಳು ಅದೇ ಡಿಬಿಯಲ್ಲಿ ಹಾದುಹೋಗಿರುತ್ತವೆ. ಇನ್ನೊಂದು ಬ್ಯಾಟರಿ ಇರುವ ಹೈಬ್ರಿಡ್ ಸೋಲಾರ್ ಇನ್ವರ್ಟರ್. ಎರಡನ್ನೂ ಆಫ್ ಮಾಡಿ. ಆಮೇಲೆ ಮಲ್ಟಿಮೀಟರ್‌ನಲ್ಲಿ ನೋಡಿ: ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಜಾಗದಲ್ಲಿ, ಆಮೇಲೆ ಕೆಲಸ ಮಾಡುವ ಜಾಗದಲ್ಲಿ, ಮತ್ತೆ ಗೊತ್ತಿರುವ ಜಾಗದಲ್ಲಿ. ಮಧ್ಯದಲ್ಲಿ ಮಲ್ಟಿಮೀಟರ್‌ನ ಸೆಲ್ ಸತ್ತು ಸೊನ್ನೆ ತೋರಿಸಿರಲಿಲ್ಲ ಅಂತ ಆಗ ಖಾತ್ರಿಯಾಗುತ್ತದೆ. ನಿಯಾನ್ ಟೆಸ್ಟರ್ ಒಂದನ್ನೇ ನಂಬಿ ಡಿಬಿಗೆ ಕೈ ಹಾಕಬೇಡಿ.

ಡಿಬಿ ಮುಚ್ಚಳ ತೆಗೆದು ಮಾಡುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು. ಪರೀಕ್ಷೆ ನಿಮ್ಮದು. ಅವರು ಇರುವಾಗಲೇ ಪರೀಕ್ಷೆಯನ್ನೂ ಮುಗಿಸಿಕೊಳ್ಳಿ ಅನ್ನುವುದು ನನ್ನ ಒತ್ತಾಯ. ಮುಚ್ಚಳ ಹಾಕಿ ಅವರು ಗಾಡಿ ಹತ್ತಿದ ಮೇಲೆ ಮತ್ತೆ ಕರೆಸುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು.

ಎಲ್ಲಿ ಹಾಕಬೇಕು

ಇಡೀ ಮನೆಯ ಲೆಕ್ಕ ಬೇಕಾದರೆ ಮೀಟರ್‌ನಿಂದ ಬರುವ ಮೂರು ಫೇಸ್ ವೈರುಗಳಿಗೆ, ಬೇರೆ ಯಾವ ವೈರೂ ಕವಲೊಡೆಯುವ ಮೊದಲು ಹಾಕಬೇಕು. ಸೋಲಾರ್ ಇದ್ದರೆ ಇದು ಇನ್ನೂ ಮುಖ್ಯ. ಸೋಲಾರ್ ಬಂದು ಸೇರುವ ಜಾಗ ಸಿಟಿ ಮತ್ತು ಮೀಟರ್ ನಡುವೆ ಬಿದ್ದರೆ ಮನೆಯಿಂದ ಹೊರಗೆ ಹೋಗುವ ಯೂನಿಟ್ ಸಿಟಿಗೆ ಕಾಣುವುದೇ ಇಲ್ಲ. ಬೋರ್‌ವೆಲ್ ಮೋಟಾರಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆದಿರುವ ಮನೆಗಳು ಎಷ್ಟೋ ಇವೆ. ಅಲ್ಲಿ ಡಿಬಿಯಲ್ಲಿ ಸಿಟಿ ಹಾಕಿದರೆ ಮೋಟಾರ್ ಲೆಕ್ಕಕ್ಕೇ ಸಿಗುವುದಿಲ್ಲ. ಮೊದಲು ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಹಳೆಯ ಮನೆಗಳ ಫೇಸ್ ಸೆಲೆಕ್ಟರ್ ಬಗ್ಗೆ ಒಂದು ಮಾತು. ಒಂದು ಫೇಸ್ ಹೋದಾಗ ಲೈಟು, ಫ್ಯಾನನ್ನು ಇನ್ನೊಂದಕ್ಕೆ ತಿರುಗಿಸುವ ಸ್ವಿಚ್ ಅದು. ಸಿಟಿ ಅದಕ್ಕಿಂತ ಮೊದಲು ಇದ್ದರೆ ಏನೂ ತೊಂದರೆಯಿಲ್ಲ. ಅದರ ನಂತರದ ವೈರಿಗೆ ಹಾಕಿದ್ದರೆ, ಯಾರೋ ಸ್ವಿಚ್ ತಿರುಗಿಸಿದ ದಿನದಿಂದ ಆ ಸಿಟಿಯ ಲೆಕ್ಕ ಕೆಡುತ್ತದೆ. ಯಾಕೆಂದರೆ ಅಲ್ಲಿ ಈಗ ಹರಿಯುವುದು ಬೇರೆ ಫೇಸ್, ಮಾನಿಟರ್ ನೋಡುತ್ತಿರುವುದು ಹಳೆಯ ಫೇಸಿನ ವೋಲ್ಟೇಜ್.

ಹಾಕುವ ಕ್ರಮ

ವೋಲ್ಟೇಜ್ ವೈರುಗಳಿಂದ ಶುರು ಮಾಡಿ. ಮೂರು ಫೇಸಿಗೂ 6 ಆಂಪ್ಸ್‌ನ ಸಣ್ಣ ಎಂಸಿಬಿ ಹಾಕಿ, ಅದರಿಂದ ಮಾನಿಟರ್‌ನ ಮೂರು ವೋಲ್ಟೇಜ್ ಟರ್ಮಿನಲ್‌ಗೆ ಕೊಡಿಸಿ. ದಪ್ಪ ಮೇನ್ ವೈರಿಗೆ ತೆಳು ವೈರನ್ನು ನೇರವಾಗಿ ಸುತ್ತಿಬಿಡುವ ಕೆಲಸ ಬೇಡವೇ ಬೇಡ. ಶಾರ್ಟ್ ಆದರೆ ಆ ತೆಳು ವೈರೇ ಫ್ಯೂಸಾಗಿ ಉರಿಯುತ್ತದೆ. ನ್ಯೂಟ್ರಲ್ ಗಟ್ಟಿಯಾಗಿ ಕೂರಬೇಕು. ಕೆಲಸ ಮಾಡುವಾಗ ಮನೆಯ ಮೇನ್ ನ್ಯೂಟ್ರಲ್ ಸಡಿಲವಾಯಿತೋ, ಕರೆಂಟ್ ಕೊಟ್ಟ ತಕ್ಷಣ ಕಡಿಮೆ ಲೋಡ್ ಇರುವ ಫೇಸಿನ ವೋಲ್ಟೇಜ್ ಜಿಗಿದು ಟಿವಿ, ಫ್ರಿಜ್ ಸುಟ್ಟುಹೋಗುತ್ತವೆ. ಮುಚ್ಚುವ ಮೊದಲು ಅದರ ಸ್ಕ್ರೂ ಇನ್ನೊಂದು ಸಲ ಬಿಗಿ ಮಾಡಿಸಿ.

ಆಮೇಲೆ ಸಿಟಿ. ಮೊದಲು ಸಿಟಿಯ ವೈರನ್ನು ಮಾನಿಟರ್‌ಗೆ ಸಿಕ್ಕಿಸಿ, ಆಮೇಲೆ ಕ್ಲ್ಯಾಂಪನ್ನು ಮೇನ್ ವೈರಿಗೆ ಹಾಕಿ. ತೆಗೆಯುವಾಗ ಇದರ ಉಲ್ಟಾ: ಕ್ಲ್ಯಾಂಪ್ ಮೊದಲು ಬಿಚ್ಚಿ, ಪ್ಲಗ್ ಆಮೇಲೆ. ಮೇನ್ ವೈರಿನಲ್ಲಿ ಕರೆಂಟ್ ಓಡುವಾಗ ಸಿಟಿಯ ತುದಿ ತೆರೆದುಕೊಂಡಿದ್ದರೆ ಅಲ್ಲಿ ವೋಲ್ಟೇಜ್ ಏರುತ್ತದೆ. ಮನೆಗೆ ಬಳಸುವ ಸಣ್ಣ ಕ್ಲ್ಯಾಂಪ್‌ಗಳಲ್ಲಿ ಸಾಮಾನ್ಯವಾಗಿ ಒಳಗೆ ರಕ್ಷಣೆ ಇರುತ್ತದೆ. 5 ಆಂಪ್ಸ್‌ನವುಗಳಲ್ಲಿ ಇದು ಪ್ರಾಣಕ್ಕೇ ಅಪಾಯ. ಎಲ್ಲಕ್ಕೂ ಒಂದೇ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದು ಕ್ಲ್ಯಾಂಪಿನೊಳಗೆ ಒಂದೇ ಫೇಸ್ ವೈರು. ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗೆ ಹಾದುಹೋದರೆ ಹೋಗುವ ಕರೆಂಟ್, ಬರುವ ಕರೆಂಟ್ ವಜಾ ಆಗಿ ಸೊನ್ನೆ ತೋರಿಸುತ್ತದೆ. ಕ್ಲ್ಯಾಂಪಿನ ಮೇಲೆ ಬಾಣದ ಗುರುತು ಇರುತ್ತದೆ, ಇಲ್ಲವೇ ಕೆ ಮತ್ತು ಎಲ್ ಅಕ್ಷರ. ಸಾಮಾನ್ಯವಾಗಿ ಬಾಣ ಮೀಟರ್ ಕಡೆಯಿಂದ ಮನೆಯ ಕಡೆಗೆ. ಕೆಲವು ಸೋಲಾರ್ ಇನ್ವರ್ಟರ್‌ಗಳು ಇದರ ಉಲ್ಟಾ ಕೇಳುತ್ತವೆ, ಮ್ಯಾನುಯಲ್ ನೋಡಿಯೇ ಹಾಕಿ.

ಮುಚ್ಚುವಾಗ ಕ್ಲ್ಯಾಂಪಿನ ಎರಡು ತುಟಿಗಳ ಮೇಲೆ ಬೆರಳಾಡಿಸಿ ನೋಡಿ. ಗೋಡೆ ಕೊರೆದ ಸಿಮೆಂಟ್ ಧೂಳಿನ ಒಂದು ಕಣ ಅಲ್ಲಿ ಕೂತರೂ ಕೋರ್ ಪೂರ್ತಿ ಸೇರುವುದಿಲ್ಲ, ರೀಡಿಂಗ್ ಕಡಿಮೆಯಾಗುತ್ತದೆ. ಬಟ್ಟೆಯಲ್ಲಿ ಒರೆಸಿ, "ಟಕ್" ಅಂತ ಸದ್ದು ಬರುವವರೆಗೆ ಒತ್ತಿ. ಡಿಬಿ ಮುಚ್ಚಳ ಹಾಕುವಾಗ ಅದು ಕ್ಲ್ಯಾಂಪನ್ನು ಒತ್ತಿ ಬಾಯಿ ಬಿಡಿಸುವುದೂ ಉಂಟು.

ಬಣ್ಣ ನಂಬಬೇಡಿ. ಕೆಂಪು, ಹಳದಿ, ನೀಲಿ ಅಂತ ನಿಯಮವೇನೋ ಇದೆ, ಆದರೆ ಆವತ್ತು ಅಂಗಡಿಯಲ್ಲಿ ಸಿಕ್ಕಿದ್ದು ಕೆಂಪು ಮಾತ್ರ ಅಂತ ಮೂರಕ್ಕೂ ಅದನ್ನೇ ಎಳೆದಿರುವ ಡಿಬಿಗಳು ಬೇಕಾದಷ್ಟಿವೆ. ಯಾವ ವೋಲ್ಟೇಜ್ ವೈರು ಯಾವ ಮೇನ್ ವೈರಿನದ್ದು ಅಂತ ಎಲೆಕ್ಟ್ರಿಷಿಯನ್ ಹೀಗೆ ಪತ್ತೆ ಮಾಡಬಹುದು. ಕರೆಂಟ್ ಕೊಟ್ಟ ಮೇಲೆ ಮಲ್ಟಿಮೀಟರ್‌ನ ಒಂದು ಕಡ್ಡಿ ಮಾನಿಟರ್‌ನ ಮೊದಲ ವೋಲ್ಟೇಜ್ ಟರ್ಮಿನಲ್‌ಗೆ, ಇನ್ನೊಂದು ಮೇನ್ ಎಂಸಿಬಿಯ ಒಂದೊಂದೇ ಟರ್ಮಿನಲ್‌ಗೆ. ಒಂದೇ ಫೇಸ್ ಆದರೆ ಸೊನ್ನೆ ವೋಲ್ಟ್ ಆಸುಪಾಸು, ಬೇರೆ ಫೇಸ್ ಆದರೆ 400ರ ಆಸುಪಾಸು. ಸೊನ್ನೆ ಬಂದ ವೈರಿಗೇ ಮೊದಲ ಸಿಟಿ.

ಕೆಟಲ್ ಪರೀಕ್ಷೆ

ಕೆಟಲ್ ಯಾಕೆ? ಅದರೊಳಗೆ ಇರುವುದು ಬರೀ ಕಾಯಿಲ್. ವೋಲ್ಟೇಜ್, ಕರೆಂಟ್ ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಅವೆರಡೂ ಎಷ್ಟು ಹೊಂದಿಕೊಂಡು ಏರಿಳಿಯುತ್ತವೆ ಅನ್ನುವ ಅಳತೆಯೇ ಪವರ್ ಫ್ಯಾಕ್ಟರ್, ಕೆಟಲ್‌ಗೆ ಅದು 1. ಗೀಸರ್, ಇಸ್ತ್ರಿ ಪೆಟ್ಟಿಗೆಯೂ ಹಾಗೆಯೇ, ಆದರೆ ಇಸ್ತ್ರಿ ಪೆಟ್ಟಿಗೆ ಬಿಸಿಯಾದ ಕೂಡಲೇ ಕಟ್ ಆಗುತ್ತದೆ, ಗೀಸರನ್ನು ಒಂದು ಫೇಸಿನಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗಲಾಗದು. ಮೋಟಾರ್, ಎಸಿ, ಫ್ರಿಜ್ ಈ ಪರೀಕ್ಷೆಗೆ ಬೇಡ. ಅವುಗಳ ಪವರ್ ಫ್ಯಾಕ್ಟರ್ ಬೇರೆ, ಉತ್ತರ ಗೊಂದಲವಾಗುತ್ತದೆ.

ಸೂರ್ಯ ಮುಳುಗಿದ ಮೇಲೆ ಮಾಡಿ, ಇಲ್ಲವೇ ಸೋಲಾರ್ ಇನ್ವರ್ಟರ್ ಆಫ್ ಮಾಡಿ. ಹಗಲಲ್ಲಿ ಸೋಲಾರ್ ಹೊರಗೆ ಕಳಿಸುತ್ತಿದ್ದರೆ ಮೈನಸ್ ಬರುವುದು ಸಹಜ, ತಪ್ಪು ಯಾವುದು ಸರಿ ಯಾವುದು ತಿಳಿಯುವುದಿಲ್ಲ. ಉಳಿದ ಲೋಡ್ ಆದಷ್ಟು ಆಫ್ ಮಾಡಿ. ಯುಪಿಎಸ್ ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಅದನ್ನೂ ಬಿಡಿಸಿ.

ಈಗ 1500 ವ್ಯಾಟ್‌ನ ಕೆಟಲ್‌ಗೆ ನೀರು ತುಂಬಿ ಒಂದು ಪವರ್ ಪ್ಲಗ್‌ಗೆ ಹಾಕಿ, ಮಾನಿಟರ್ ನೋಡಿ. ಯಾವ ಚಾನೆಲ್‌ನಲ್ಲಿ (ಒಂದು ಸಿಟಿ, ಅದರ ಜೋಡಿ ವೋಲ್ಟೇಜ್ ಸೇರಿ ಒಂದು ಚಾನೆಲ್) ಕರೆಂಟ್ ಏರಿತೋ ಅದರ ವ್ಯಾಟ್ಸ್ ಮತ್ತು ಪವರ್ ಫ್ಯಾಕ್ಟರ್ ಬರೆದುಕೊಳ್ಳಿ. ಉತ್ತರ ಈ ನಾಲ್ಕರಲ್ಲಿ ಒಂದಾಗಿರುತ್ತದೆ:

- ಪ್ಲಸ್ 1500, ಪವರ್ ಫ್ಯಾಕ್ಟರ್ 1: ಜೋಡಿಯೂ ಸರಿ, ದಿಕ್ಕೂ ಸರಿ.
- ಮೈನಸ್ 1500, ಪವರ್ ಫ್ಯಾಕ್ಟರ್ 1: ಜೋಡಿ ಸರಿ, ಕ್ಲ್ಯಾಂಪ್ ಉಲ್ಟಾ.
- ಮೈನಸ್ 750, ಪವರ್ ಫ್ಯಾಕ್ಟರ್ 0.5: ಬೇರೆ ಫೇಸಿನ ವೋಲ್ಟೇಜ್ ಜೊತೆ ಜೋಡಿಯಾಗಿದೆ.
- ಪ್ಲಸ್ 750, ಪವರ್ ಫ್ಯಾಕ್ಟರ್ 0.5: ಬೇರೆ ಫೇಸ್, ಮೇಲಿಂದ ಕ್ಲ್ಯಾಂಪೂ ಉಲ್ಟಾ.

ನಾಲ್ಕರಲ್ಲೂ ಆಂಪ್ಸ್ ಮಾತ್ರ ಒಂದೇ, 230 ವೋಲ್ಟ್‌ಗೆ ಸುಮಾರು ಆರೂವರೆ. ಅದಕ್ಕೇ ಬರೀ ಆಂಪ್ಸ್ ನೋಡಿ "ಸರಿ ಇದೆ" ಅನ್ನಬಾರದು. ಅರ್ಧ ಯಾಕೆ ಬರುತ್ತದೆ ಅಂದರೆ 120 ಡಿಗ್ರಿಯ ಕೊಸೈನ್ ಮೈನಸ್ 0.5. ವೋಲ್ಟೇಜ್ 230ಕ್ಕಿಂತ ಕಡಿಮೆಯಿದ್ದರೆ ಕೆಟಲ್ ಕೂಡ ಕಡಿಮೆ ಎಳೆಯುತ್ತದೆ. 215 ವೋಲ್ಟ್‌ನಲ್ಲಿ 1500ರ ಕೆಟಲ್ 1300ರ ಸುಮಾರಿಗೆ ಬರುತ್ತದೆ. ಇದಕ್ಕೆ ಗಾಬರಿ ಬೇಡ, ಪವರ್ ಫ್ಯಾಕ್ಟರ್ 1 ಇದ್ದರೆ ಆಯಿತು.

ಕೊನೆಯ ಸಾಲಿನ ಪ್ಲಸ್ 750 ಇದೆಯಲ್ಲ, ಎಲ್ಲಕ್ಕಿಂತ ಕೆಟ್ಟದ್ದು ಅದೇ. ಅದು ಹುಟ್ಟುವುದು ಹೆಚ್ಚಾಗಿ ಹೀಗೆ: ಎರಡು ಸಿಟಿ ಅದಲುಬದಲಾಗಿರುತ್ತವೆ. ಆ್ಯಪ್‌ನಲ್ಲಿ ಎರಡು ಫೇಸ್ ಮೈನಸ್ ತೋರಿಸುತ್ತದೆ. ಹಾಕಲು ಬಂದವರು "ಉಲ್ಟಾ ಆಗಿದೆ" ಅಂದುಕೊಂಡು ಸೆಟ್ಟಿಂಗ್‌ನಲ್ಲಿ ದಿಕ್ಕು ತಿರುಗಿಸಿಬಿಡುತ್ತಾರೆ. ಎಲ್ಲ ಪ್ಲಸ್ ಆಯಿತು, ಕೆಲಸ ಮುಗಿಯಿತು. ಲೆಕ್ಕ ಹಾಕಿ ನೋಡಿ: ಮೂರೂ ಫೇಸಿನಲ್ಲಿ 1500ರ ಒಂದೊಂದು ಕೆಟಲ್ ಇದ್ದರೆ ಒಟ್ಟು 4500. ಮಾನಿಟರ್ ತೋರಿಸುವುದು 1500, 750, 750, ಒಟ್ಟು 3000. ಮೂರನೇ ಒಂದು ಪಾಲು ಕಾಣೆ ಅಂದಿದ್ದು ಇದಕ್ಕೇ. ಮೈನಸ್ ಕಂಡಾಗ ಪವರ್ ಫ್ಯಾಕ್ಟರ್ ನೋಡದೆ ಯಾರೂ ಏನನ್ನೂ ತಿರುಗಿಸಬಾರದು.

ಇದೇ ಕೆಟಲ್ ಇನ್ನೆರಡು ಫೇಸಿಗೂ ಹೋಗಲಿ. ಯಾವ ಪ್ಲಗ್ ಯಾವ ಫೇಸಿನದು ಅಂತ ಡಿಬಿಯ ಎಂಸಿಬಿ ಒಂದೊಂದೇ ಇಳಿಸಿ ಕಂಡುಕೊಳ್ಳಬಹುದು. ಮೂರರ ಫಲಿತಾಂಶವೂ ಕೈಯಲ್ಲಿದ್ದ ಮೇಲೆ ಸರಿಪಡಿಸಿ, ಮಧ್ಯದಲ್ಲಿ ಬೇಡ. ಒಂದು ಸರಿಯಿದ್ದು ಎರಡು ತಪ್ಪಿದ್ದರೆ ಆ ಎರಡು ಸಿಟಿಗಳ ಜಾಗ ಅದಲುಬದಲು ಮಾಡಿ. ಮೂರೂ ತಪ್ಪಿದ್ದರೆ ಮೂರನ್ನೂ ಒಂದೊಂದು ಫೇಸ್ ಮುಂದೆ ಸರಿಸಿ. ಆಗಲೂ ಅರ್ಧವೇ ಬಂದರೆ ಅದೇ ದಿಕ್ಕಿನಲ್ಲಿ ಇನ್ನೊಂದು ಫೇಸ್. ಒಂದೇ ಕೆಟಲ್‌ಗೆ ಎರಡು ಚಾನೆಲ್ ಒಟ್ಟಿಗೆ ಏರಿದರೆ ಎರಡು ಸಿಟಿ ಒಂದೇ ಫೇಸಿನ ಮೇಲೆ ಕೂತಿವೆ. ಯಾವ ಚಾನೆಲ್ಲೂ ಏರದಿದ್ದರೆ ಆ ಪ್ಲಗ್ ಸಿಟಿಗಿಂತ ಮೊದಲೇ ಕವಲೊಡೆದ ಲೈನಿನದ್ದು, ಅಥವಾ ಯುಪಿಎಸ್ ಬ್ಯಾಟರಿಯ ಮೇಲೆ ಓಡುತ್ತಿದೆ.

ಬರೀ ದಿಕ್ಕು ತಪ್ಪಿದ್ದರೆ ಕ್ಲ್ಯಾಂಪನ್ನೇ ಬಿಚ್ಚಿ ತಿರುಗಿಸಿ ಹಾಕಿಸುವುದು ಮೇಲು. ಆ್ಯಪ್‌ನಲ್ಲಿ ತಿರುಗಿಸಿದರೂ ಲೆಕ್ಕ ಸರಿಯಾಗುತ್ತದೆ, ಆದರೆ ನಾಳೆ ಮಾನಿಟರ್ ರೀಸೆಟ್ ಆದರೆ ಮತ್ತೆ ಉಲ್ಟಾ, ಯಾಕೆ ಅಂತ ಯಾರಿಗೂ ನೆನಪಿರುವುದಿಲ್ಲ.

ಇನ್ವರ್ಟರ್ ತನ್ನ ಕೆಲಸವನ್ನು ಈ ಸಿಟಿ ನೋಡಿಯೇ ಮಾಡುವಂಥದ್ದಾದರೆ, ಅಂದರೆ ಹೊರಗೆ ಯೂನಿಟ್ ಕಳಿಸಬಾರದು ಅಂತ ಸೆಟ್ ಮಾಡಿದ ಹೈಬ್ರಿಡ್ ಆದರೆ, ಪರೀಕ್ಷೆ ಮಾಡದೆ ಅದನ್ನು ಆನ್ ಮಾಡಲೇಬೇಡಿ. ಸಿಟಿ ಉಲ್ಟಾ ಇದ್ದರೆ ಹೊರಗೆ ಹೋಗುವ ಕರೆಂಟ್ ಅದಕ್ಕೆ ಮನೆಯ ಲೋಡ್ ಥರ ಕಾಣುತ್ತದೆ. ಕಳಿಸಿದಷ್ಟೂ ಲೋಡ್ ಜಾಸ್ತಿ ಅಂದುಕೊಂಡು ಇನ್ನೂ ಕಳಿಸುತ್ತಾ ಹೋಗುತ್ತದೆ.

ಮೀಟರ್ ಜೊತೆ ತಾಳೆ ನೋಡುವುದು

ಜೋಡಿ ಸರಿಯಾದ ಮೇಲೆ ಅಳತೆ ಎಷ್ಟು ನಿಖರ ಅಂತ ನೋಡಬೇಕು. ಎಲೆಕ್ಟ್ರಿಷಿಯನ್ ಹತ್ತಿರ ಟಾಂಗ್ ಟೆಸ್ಟರ್ (ವೈರನ್ನು ಕಚ್ಚಿ ಆಂಪ್ಸ್ ತೋರಿಸುವ ಉಪಕರಣ) ಇದ್ದರೆ ಅದೇ ವೈರಿಗೆ ಹಾಕಿಸಿ ಆಂಪ್ಸ್ ಹೋಲಿಸಿ, ಐದು ಆಂಪ್ಸ್‌ಗಿಂತ ಜಾಸ್ತಿ ಓಡುವಾಗ. ಟಾಂಗ್ ಟೆಸ್ಟರ್ ಇಲ್ಲದಿದ್ದರೂ ಗೋಡೆಯ ಮೇಲಿನ ಮೀಟರ್ ಇದ್ದೇ ಇದೆ. ಅದರ ಕೆಂಪು ಎಲ್‌ಇಡಿ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. 1600 ಅಂತ ಇದೆ ಅಂದುಕೊಳ್ಳಿ. ಮಾನಿಟರ್ ಒಟ್ಟು 2000 ವ್ಯಾಟ್ಸ್ ತೋರಿಸುವಾಗ 40 ಮಿಣುಕಿಗೆ 45 ಸೆಕೆಂಡ್ ಹಿಡಿಯಬೇಕು. ಸೂತ್ರ ಸರಳ: ಮಿಣುಕುಗಳನ್ನು 36,00,000ದಿಂದ ಗುಣಿಸಿ, ಬಂದಿದ್ದನ್ನು ಮೀಟರ್ ಮೇಲಿನ ಸಂಖ್ಯೆಯಿಂದಲೂ ಸೆಕೆಂಡ್‌ಗಳಿಂದಲೂ ಭಾಗಿಸಿ. ಬರುವುದು ವ್ಯಾಟ್ಸ್. ಮೊಬೈಲ್‌ನಲ್ಲಿ ಎಲ್‌ಇಡಿಯ ವಿಡಿಯೋ ಮಾಡಿಕೊಂಡರೆ ಎಣಿಸುವುದು ಸುಲಭ. ನೂರಕ್ಕೆ ಎರಡು ಮೂರು ವ್ಯತ್ಯಾಸ ಬಂದರೆ ಬಿಟ್ಟುಬಿಡಿ. ಐದು ಹತ್ತು ಬಂದರೆ ಕ್ಲ್ಯಾಂಪಿನ ಬಾಯಿ ಸರಿಯಾಗಿ ಮುಚ್ಚಿಲ್ಲ, ಅಥವಾ ಸೆಟ್ಟಿಂಗ್‌ನಲ್ಲಿ ಸಿಟಿ ಮಾದರಿ ತಪ್ಪಾಗಿದೆ.

ಸೋಲಾರ್ ಮನೆಗಳಿಗೆ ಇನ್ನೊಂದು ವಿಷಯ. ಆರ್ ಫೇಸ್ 2000 ವ್ಯಾಟ್ ಹೊರಗೆ ಕಳಿಸುತ್ತಿದೆ, ಅದೇ ಹೊತ್ತಿಗೆ ವೈ ಫೇಸ್ 1500 ಒಳಗೆ ತರುತ್ತಿದೆ ಅನ್ನಿ. ಮೂರನ್ನೂ ಕೂಡಿಸಿ ನೋಡುವ ಮೀಟರ್‌ಗೆ ಇದು 500 ವ್ಯಾಟ್ ಎಕ್ಸ್‌ಪೋರ್ಟ್ ಅಷ್ಟೇ. ಫೇಸ್ ಫೇಸ್ ಬೇರೆ ಲೆಕ್ಕ ಇಡುವ ಆ್ಯಪ್‌ನಲ್ಲಿ 2000 ಎಕ್ಸ್‌ಪೋರ್ಟ್, 1500 ಇಂಪೋರ್ಟ್ ಎರಡೂ ಏರುತ್ತವೆ. ಸಿಟಿಯೆಲ್ಲ ಸರಿಯಿದ್ದೂ ತಿಂಗಳ ಕೊನೆಯಲ್ಲಿ ಆ್ಯಪ್‌ನ ಎರಡು ಅಂಕಿಗಳೂ ಬಿಲ್‌ಗಿಂತ ದೊಡ್ಡದಾಗಿದ್ದರೆ, ಎಕ್ಸ್‌ಪೋರ್ಟ್‌ನಿಂದ ಇಂಪೋರ್ಟ್ ಕಳೆದು ನೋಡಿ. ಆ ವ್ಯತ್ಯಾಸ ಬಿಲ್‌ನ ವ್ಯತ್ಯಾಸಕ್ಕೆ ಹೊಂದಿದರೆ ತೊಂದರೆ ಏನೂ ಇಲ್ಲ, ಕೂಡಿಸುವ ಕ್ರಮ ಬೇರೆ ಅಷ್ಟೇ.

ಮತ್ತೆ ಯಾವಾಗ ನೋಡಬೇಕು

ರಸ್ತೆಯ ಕಂಬದಲ್ಲಿ ಲೈನ್‌ಮನ್ ಎರಡು ಫೇಸ್ ಅದಲುಬದಲು ಮಾಡಿದರೆ? ಮೂರು ಫೇಸಿನ ವೋಲ್ಟೇಜನ್ನೂ ತೆಗೆದುಕೊಳ್ಳುವ ಮಾನಿಟರ್‌ಗೆ ಏನೂ ಆಗುವುದಿಲ್ಲ, ಸಿಟಿಯೂ ವೋಲ್ಟೇಜೂ ಒಟ್ಟಿಗೇ ಬದಲಾಗಿರುತ್ತವೆ. ಬೋರ್‌ವೆಲ್ ಮೋಟಾರ್ ಉಲ್ಟಾ ತಿರುಗಬಹುದು, ಅದು ಬೇರೆ ಚಿಂತೆ. ಆದರೆ ಒಂದೇ ಫೇಸಿನ ವೋಲ್ಟೇಜ್ ನೋಡಿ ಉಳಿದೆರಡನ್ನು 120 ಡಿಗ್ರಿ ಅಂತ ಊಹಿಸಿಕೊಳ್ಳುವ ಅಗ್ಗದ ಮಾನಿಟರ್‌ಗಳಿವೆ. ಅವುಗಳಿಗೆ ಫೇಸ್‌ಗಳ ಸರದಿ ಬದಲಾದರೆ ಎರಡು ಫೇಸಿನ ಲೆಕ್ಕ ಆ ಕ್ಷಣವೇ ಕೆಡುತ್ತದೆ. ಅಂಥದ್ದು ಇದ್ದವರು ಟ್ರಾನ್ಸ್‌ಫಾರ್ಮರ್ ಬದಲಾಯಿಸಿದಾಗ, ಮಳೆಗಾಲದಲ್ಲಿ ಲೈನ್ ಕಡಿದು ಮತ್ತೆ ಜೋಡಿಸಿದಾಗ, ಮೀಟರ್ ಬದಲಾದಾಗ ಕೆಟಲ್ ಪರೀಕ್ಷೆ ಮತ್ತೆ ಮಾಡಬೇಕು. ಡಿಬಿಯೊಳಗೆ ಯಾರು ಕೈ ಹಾಕಿದರೂ ಅಷ್ಟೇ, ಯಾವ ಮಾನಿಟರ್ ಇದ್ದರೂ.

ಕೊನೆಯಲ್ಲಿ ಡಿಬಿ ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿ: ಯಾವ ಸಿಟಿ ಯಾವ ಫೇಸಿಗೆ, ಬಾಣ ಯಾವ ಕಡೆಗೆ, ಸಿಟಿ ಎಷ್ಟು ಆಂಪ್ಸ್‌ನದ್ದು, ವೋಲ್ಟೇಜ್ ಎಂಸಿಬಿ ಯಾವುದು, ಪರೀಕ್ಷೆ ಮಾಡಿದ ತಾರೀಖು, ಪ್ರತಿ ಫೇಸಿಗೆ ಬಂದ ವ್ಯಾಟ್ಸ್ ಮತ್ತು ಪವರ್ ಫ್ಯಾಕ್ಟರ್. ಮುಂದೆ ಬರುವ ಎಲೆಕ್ಟ್ರಿಷಿಯನ್ ಬೇರೆಯವರಾಗಿರಬಹುದು, ಅವರು ಮುಚ್ಚಳ ತೆಗೆದಾಗ ಮೊದಲು ಕಾಣಬೇಕಾದ್ದು ಈ ಚೀಟಿ.